ಹಿರಿಯರನ್ನು ತೇರಿನಲ್ಲಿ ಕೂರಿಸುವ ಜಂಕು

ಇಂದಿನ ಧಮ್ಮ ಚಿಂತನೆ


ನೇಪಾಳದ ಕಠ್ಮಂಡು ಕಣಿವೆಯ ನೇವಾರ ಜನರಲ್ಲಿ ‘ಜಂಕು’ ಎಂಬ ಆಚರಣೆ ಇದೆ. ಮನೆಯ ಹಿರಿಯರಿಗೆ 77 ವರ್ಷ, 7 ತಿಂಗಳು, 7 ದಿನ, 7 ಘಳಿಗೆ, 7 ಪಲ ತುಂಬಿದಾಗ ಅವರನ್ನು ಪುಟ್ಟ ತೇರಿನಲ್ಲಿ ಕೂರಿಸುತ್ತಾರೆ. ಮಕ್ಕಳು, ಮೊಮ್ಮಕ್ಕಳು ಹಗ್ಗ ಹಿಡಿದು ಕೇರಿಯ ಸುತ್ತ ಎಳೆಯುತ್ತಾರೆ. ಇದಕ್ಕೆ ಭೀಮರಥಾರೋಹಣ ಎಂದೂ ಹೆಸರು. (ಭೀಮ ಎಂದೊಡನೆ ನಮ್ಮ ಮನಸ್ಸು ಬಾಬಾಸಾಹೇಬರ ಕಡೆ ಓಡುತ್ತದೆ. ಈ ಹೆಸರು ಬೇರೆ, ಹಳೆಯದು.)

ಬೌದ್ಧ ನೇವಾರರೂ ಇದನ್ನು ಮಾಡುತ್ತಾರೆ, ಆದರೆ ವಜ್ರಾಚಾರ್ಯ ಪುರೋಹಿತರಿಂದ, ಪೂಜೆ ಮಂತ್ರಗಳೊಡನೆ. ನಮ್ಮ ಕಡೆ ಮೇಲ್ಜಾತಿಯ ಮನೆಗಳಲ್ಲಿ 70ಕ್ಕೆ ಭೀಮರಥ ಶಾಂತಿ ಹೋಮ ಮಾಡಿಸುವುದಿಲ್ಲವೇ, ಹಾಗೆ. 22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ಅದು ಬೇಡ. ನನ್ನ ಮನಸ್ಸು ನಿಂತದ್ದು ಮಕ್ಕಳ ಕೈಯ ಆ ಹಗ್ಗದ ಮೇಲೆ.

1956ರ ನವೆಂಬರಿನಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆ ಬಾಬಾಸಾಹೇಬರು ಹೋಗಿದ್ದು ಇದೇ ಕಠ್ಮಂಡುವಿಗೆ. ಮುಂದಿನ ತಿಂಗಳು 6ರಂದು ಪರಿನಿಬ್ಬಾಣ. ಆಗ ಅವರಿಗೆ ಬರೀ 65. ನಮ್ಮವರಿಗೆ ದೀರ್ಘಾಯುಷ್ಯ ಸುಲಭಕ್ಕೆ ಸಿಕ್ಕಿದ್ದಲ್ಲ.

77 ತುಂಬಿತೆಂದು ಎಣಿಸಲು ನಮ್ಮ ಹಿರಿಯರಿಗೆ ಹುಟ್ಟಿದ ದಿನವೇ ಗೊತ್ತಿಲ್ಲ. ನಮ್ಮಜ್ಜಿಯ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿತ್ತು. ಕೇಳಿದರೆ, “ದೊಡ್ಡ ಬರ ಬಂದಾಗ ನಾನು ಹಾಲು ಕುಡಿಯೋ ಕೂಸಂತೆ” ಅನ್ನುತ್ತಿದ್ದರು. ಜಮೀನ್ದಾರರ ಮನೆಯ ಹತ್ತು ವರ್ಷದ ಹುಡುಗ “ಏ, ಬಾರೇ ಇಲ್ಲಿ” ಎಂದು ಕರೆದರೆ, ಎಂಬತ್ತರ ಹತ್ತಿರದ ಅಜ್ಜಿ “ಬಂದೆ ಬುದ್ಧಿ” ಎಂದು ಓಡುತ್ತಿದ್ದರು. ಊರು ಮಾಡಿದ್ದು ಇದು. ಆದರೆ ಓದಿ ಪಟ್ಟಣ ಸೇರಿದ ನಮ್ಮವರ ಮನೆಗಳಲ್ಲೂ ನೋಡಿದ್ದೇನೆ: ಆಫೀಸಿನವರು ಬಂದರೆ ಅವ್ವನಿಗೆ ಒಳಗೇ ಇರಲು ಹೇಳುತ್ತಾರೆ.

ಭಂತೇಜಿ ಹರಸುವಾಗ ಕೇಳುವ ಆಯು, ವರ್ಣ, ಸುಖ, ಬಲ ಎಂಬ ಪದಗಳು ಧಮ್ಮಪದದ 109ನೇ ಗಾಥೆಯವು. ಹಿರಿಯರಿಗೆ ಸದಾ ಗೌರವ ಕೊಡುವವರಲ್ಲಿ ಈ ನಾಲ್ಕೂ ಬೆಳೆಯುತ್ತವೆ ಎಂದು ಅದರ ಅರ್ಥ. ಫಲ ಹೇಳಿರುವುದು ತಲೆಬಾಗುವವರಿಗೆ. ಕೂದಲು ನರೆತ ಮಾತ್ರಕ್ಕೆ ಥೇರರಾಗುವುದಿಲ್ಲ ಎಂದು 260ನೇ ಗಾಥೆ ಹೇಳುತ್ತದಲ್ಲ ಎಂದು ಕೆಲವರು ಕೇಳಬಹುದು. ಅದು ಸಂಘದ ಹಿರಿತನದ ಮಾತು. ಕೂಲಿ ಮಾಡಿ ನಮ್ಮನ್ನು ಓದಿಸಿದವರಿಗೆ ಆ ಪರೀಕ್ಷೆ ಹಚ್ಚಬೇಡಿ.

ಈ ಹುಣ್ಣಿಮೆಯ ವಂದನೆಗೆ ಮನೆಯ ಹಿರಿಯರನ್ನು ಕರೆತನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿರುತ್ತೇವೆ. ಹುಟ್ಟಿದ ದಿನ ಗೊತ್ತಿಲ್ಲದವರು ಬರವನ್ನೋ ಮಳೆಯನ್ನೋ ನೆನೆದು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ.

ಜೈಭೀಮ್ 🙏