ನೀರಿನ ವಾಲ್ವು ಕೆಟ್ಟರೆ ಕಾರಣ ಹುಡುಕುವುದು ಹೇಗೆ?



10ನೇ ತರಗತಿಯ ವಿಜ್ಞಾನದಲ್ಲಿ ನಾವು ಸೊಲೆನಾಯ್ಡ್ ಬಗ್ಗೆ ಓದುತ್ತೇವೆ. ತಂತಿಯ ಸುರುಳಿಯಲ್ಲಿ ಕರೆಂಟು ಹರಿದರೆ ಅದು ಆಯಸ್ಕಾಂತದಂತೆ ಎಳೆಯುತ್ತದೆ, ಕರೆಂಟು ನಿಂತರೆ ಆ ಗುಣ ಹೋಗುತ್ತದೆ. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಆದರೆ ಇದೇ ಸೊಲೆನಾಯ್ಡು ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲೂ, ತಾನೇ ಐಸ್ ಮಾಡುವ ದೊಡ್ಡ ಫ್ರಿಜ್ಜಿನಲ್ಲೂ ನೀರಿನ ಬಾಗಿಲು ಕಾಯುತ್ತದೆ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ನನ್ನ ಸೋದರಮಾವ ಕೊಟ್ಟೂರಿನಲ್ಲಿ ಫ್ರಿಜ್ಜು ರಿಪೇರಿ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ಅವರ ಸಾಮಾನಿನ ಚೀಲ ಹಿಡಿದುಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯೆಲ್ಲಾ ತಿರುಗಿದೆ. ಅಲ್ಲಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವಾಲ್ವಿನ ಒಳಗೆ ಏನಿದೆ?

ಕರೆಂಟಿನಿಂದ ಆಯಸ್ಕಾಂತದ ಗುಣ ಹುಟ್ಟುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದರು. 1825ರಲ್ಲಿ ಇಂಗ್ಲೆಂಡಿನ ಸ್ಟರ್ಜನ್ ಎಂಬುವರು ವಿದ್ಯುತ್ಕಾಂತ ಮಾಡಿದರು. ನಮ್ಮ ವಾಲ್ವು ಅದರ ಮರಿ ಇದ್ದಂತೆ.

ಅದರಲ್ಲಿ ಐದು ಮುಖ್ಯ ಭಾಗಗಳಿವೆ: (1) ತಂತಿಯ ಸುರುಳಿ, ಇದಕ್ಕೆ ಮೆಕ್ಯಾನಿಕ್ಕುಗಳು ಕಾಯಿಲ್ ಅನ್ನುತ್ತಾರೆ. (2) ಸುರುಳಿಯ ನಡುವೆ ಆಡುವ ಕಬ್ಬಿಣದ ಕಡ್ಡಿ. (3) ಕಡ್ಡಿಯನ್ನು ಒತ್ತಿ ಹಿಡಿಯುವ ಸ್ಪ್ರಿಂಗು. (4) ನೀರಿನ ದಾರಿ ಮುಚ್ಚುವ ರಬ್ಬರಿನ ಬಿಲ್ಲೆ. (5) ನೀರು ಒಳಬರುವ ಬಾಯಿಯಲ್ಲಿ ಕಸ ತಡೆಯುವ ಸಣ್ಣ ಜಾಲರಿ.

ಕರೆಂಟು ಬಂದ ಕೂಡಲೇ ಸುರುಳಿ ಕಡ್ಡಿಯನ್ನು ಮೇಲೆ ಎಳೆಯುತ್ತದೆ. ಆಗ 'ಟಿಕ್' ಎಂದು ಸದ್ದು ಬರುತ್ತದೆ, ದಾರಿ ತೆರೆದು ನೀರು ಹರಿಯುತ್ತದೆ. ಕರೆಂಟು ನಿಂತರೆ ಸ್ಪ್ರಿಂಗು ಕಡ್ಡಿಯನ್ನು ಕೆಳಗೆ ತಳ್ಳುತ್ತದೆ. ಇಲ್ಲಿ ಒಂದು ಸೋಜಿಗ ಇದೆ. ಫ್ರಿಜ್ಜಿನಂಥ ವಾಲ್ವುಗಳಲ್ಲಿ ರಬ್ಬರಿನ ಹಿಂದೆ ಸೇರಿಕೊಂಡ ನೀರೇ ಅದನ್ನು ಒತ್ತಿ ಬಾಗಿಲು ಬಿಗಿಯಾಗಿ ಮುಚ್ಚುತ್ತದೆ. ಅಂದರೆ ನೀರು ನಿಲ್ಲಬೇಕಾದರೂ ನೀರಿನ ಒತ್ತಡವೇ ಬೇಕು!

ಫ್ರಿಜ್ಜು ತಾನೇ ಐಸ್ ಮಾಡುವ ಬಗೆ

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಟ್ರೇಗೆ ನಾವೇ ನೀರು ತುಂಬಿ ಇಡುತ್ತೇವೆ. ಐಸ್ ಮಾಡುವ ಫ್ರಿಜ್ಜಿಗೆ ಹಿಂದುಗಡೆ ನೀರಿನ ಸಣ್ಣ ಪೈಪು ಇರುತ್ತದೆ. ವಾಲ್ವು ಕೆಲವೇ ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ. ಫ್ರೀಜರಿನ ಚಳಿ ಸುಮಾರು ಮೈನಸ್ 18 ಡಿಗ್ರಿ. ನೀರು ಗಟ್ಟಿಯಾದ ಮೇಲೆ ಸಣ್ಣ ಮೋಟಾರು ಐಸನ್ನು ಡಬ್ಬಿಗೆ ಬೀಳಿಸುತ್ತದೆ. ಡಬ್ಬಿ ತುಂಬಿದರೆ ಒಂದು ಕಡ್ಡಿ ಮೇಲೆದ್ದು ಕೆಲಸ ನಿಲ್ಲಿಸುತ್ತದೆ. ಎಷ್ಟೋ ಸಲ ಯಾರೋ ಕೈ ತಾಗಿಸಿ ಆ ಕಡ್ಡಿಯನ್ನು ಎತ್ತಿಟ್ಟಿರುತ್ತಾರೆ, ಮನೆಯವರು ಮಷೀನು ಕೆಟ್ಟಿತೆಂದು ಕೂಗಾಡುತ್ತಿರುತ್ತಾರೆ.

ಮೂರು ಪ್ರಶ್ನೆಗಳು

ಮಾವ ಹೇಳಿಕೊಟ್ಟದ್ದು ಇಷ್ಟೇ: "ಮೊದ್ಲು ನೀರು ನೋಡು, ಆಮೇಲೆ ಕರೆಂಟು ನೋಡು, ಕೊನೀಗೆ ಪಾರ್ಟು ನೋಡು. ಜನ ಉಲ್ಟಾ ಮಾಡ್ತಾರ, ಮೊದ್ಲು ಪಾರ್ಟು ತರಾಕ ಓಡ್ತಾರ."

ಒಂದನೆಯದು, ನೀರು ವಾಲ್ವಿನ ತನಕ ಬರುತ್ತಿದೆಯೇ? ಟ್ಯಾಂಕಿನಲ್ಲಿ ನೀರಿದೆಯೇ, ನಲ್ಲಿ ತೆರೆದಿದೆಯೇ, ಪೈಪು ಮಡಚಿಕೊಂಡಿದೆಯೇ, ಜಾಲರಿಯಲ್ಲಿ ಕಸ ಕಟ್ಟಿದೆಯೇ ನೋಡಬೇಕು.

ಎರಡನೆಯದು, ಟಿಕ್ ಸದ್ದು ಬರುತ್ತದೆಯೇ? ಬಂದರೆ ಕರೆಂಟು ಮತ್ತು ಕಾಯಿಲ್ ಎರಡೂ ಸರಿ ಇವೆ, ತೊಂದರೆ ನೀರಿನ ದಾರಿಯಲ್ಲಿದೆ ಎಂದು ತಿಳಿಯಬಹುದು. ಬರದಿದ್ದರೆ ಮೆಕ್ಯಾನಿಕ್ಕು ಮೀಟರಿನಿಂದ ಪರೀಕ್ಷಿಸುತ್ತಾರೆ. ಸುರುಳಿಯ ಎರಡು ತುದಿಗೆ ಮೀಟರ್ ಹಿಡಿದಾಗ ಮುಳ್ಳು ಅಲುಗದಿದ್ದರೆ ತಂತಿ ಒಳಗೆ ತುಂಡಾಗಿದೆ. ಬರೀ 'ಗುಂಯ್' ಅಂದರೆ ವೋಲ್ಟೇಜು ಕಡಿಮೆ ಇರಬಹುದು, ಇಲ್ಲವೇ ಕಡ್ಡಿ ಸಿಕ್ಕಿಕೊಂಡಿರಬಹುದು.

ಮೂರನೆಯದು, ಪ್ಲಗ್ಗು ಕಿತ್ತ ಮೇಲೂ ನೀರು ತೊಟ್ಟಿಕ್ಕುತ್ತದೆಯೇ? ತೊಟ್ಟಿಕ್ಕಿದರೆ ತಪ್ಪು ಕರೆಂಟಿನದಲ್ಲ, ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ಪ್ಲಗ್ಗು ಕಿತ್ತ ಕೂಡಲೇ ನಿಂತರೆ ವಾಲ್ವು ಸರಿ ಇದೆ, ಅದಕ್ಕೆ ಕರೆಂಟು ಕಳಿಸುವ ಭಾಗ ನೋಡಬೇಕು.

ಉದಾಹರಣೆ 1: ನೀರಿನ ಘಟಕ

ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾಣ್ಯ ಹಾಕಿದರೆ ಎಳೆ ದಾರದಷ್ಟು ನೀರು ಬರುತ್ತಿತ್ತು. ನಾಲ್ಕು ದಿನದಿಂದ ಘಟಕಕ್ಕೆ ಬೀಗ. ನಾಣ್ಯದ ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಮಾತಾಗಿತ್ತು. ಮಾವ ಒಂದು ನಾಣ್ಯ ಹಾಕಿ ವಾಲ್ವಿಗೆ ಕಿವಿ ಕೊಟ್ಟರು. ಟಿಕ್ ಅಂತು. ನಾಣ್ಯದ ಪೆಟ್ಟಿಗೆ, ಕರೆಂಟು, ಕಾಯಿಲ್ ಮೂರೂ ಸರಿ ಇವೆ ಎಂದು ಆ ಒಂದು ಸದ್ದಿನಿಂದಲೇ ಗೊತ್ತಾಯಿತು. ಕರೆಂಟು ತೆಗೆದು, ನೀರು ಬಂದ್ ಮಾಡಿ ವಾಲ್ವು ಬಿಚ್ಚಿದರು. ಜಾಲರಿಯ ತುಂಬ ಪೈಪು ಕೊಯ್ದ ಪುಡಿ, ಪೈಪಿನ ಜೋಡಣೆಗೆ ಸುತ್ತುವ ಬಿಳಿ ಟೇಪಿನ ಚೂರುಗಳು! ತೊಳೆದು ಹಾಕಿದ ಮೇಲೆ 20 ಲೀಟರಿನ ಕೊಡ ಮೊದಲಿನಂತೆ ತುಂಬಿತು. ಖರ್ಚು ಏನೂ ಇಲ್ಲ.

ನಾಲ್ಕು ದಿನ ಅಂದರೆ ಏನು ಮಹಾ ಎನ್ನಬೇಡಿ. ಕೂಡ್ಲಿಗಿ ತಾಲೂಕಿನ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ನಮ್ಮ ದೇಶದ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತದೆ, ದೊಡ್ಡವರ ಕೀಲು ಮೂಳೆ ಬಿಗಿಯುತ್ತವೆ. ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಘಟಕಕ್ಕೆ ಬೀಗ ಬಿದ್ದಾಗಲೆಲ್ಲಾ ಜನ ಮತ್ತೆ ಬೋರ್ ನೀರಿಗೆ ಕೊಡ ಹಿಡಿಯುತ್ತಾರೆ. ಚೂರು ಟೇಪಿನಿಂದ ಇಡೀ ಊರಿಗೆ ಇಷ್ಟು ತೊಂದರೆ.

ಉದಾಹರಣೆ 2: ಹರಪನಹಳ್ಳಿಯ ಫ್ರಿಜ್ಜು

ಅಲ್ಲಿ ಒಂದು ಮನೆಯಲ್ಲಿ ಐಸ್ ಬೀಳುವುದು ನಿಂತಿತ್ತು. ಮೋಟಾರು ಹೋಗಿದೆ ಎಂದು ಯಾರೋ ಹೇಳಿದ್ದರು. ಮಾವ ಪ್ಲಗ್ಗು ಕಿತ್ತು, ವಾಲ್ವಿನಿಂದ ಫ್ರೀಜರಿಗೆ ಹೋಗುವ ಪೈಪು ಬಿಚ್ಚಿ, ವಾಲ್ವಿನ ಬಾಯಿ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಕಾದರು. ಒಂದೊಂದೇ ಹನಿ ಬಿತ್ತು. ವಾಲ್ವು ಮುಚ್ಚುತ್ತಿರಲಿಲ್ಲ. ಆ ಹನಿಗಳು ಫ್ರೀಜರಿನ ಕೊಳವೆಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದವು. ನೀರು ಬಾರದಿರುವುದಕ್ಕೆ ಕಾರಣ ನೀರು ಸೋರಿದ್ದು! ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಐಸ್ ಕರಗಿಸಿದರು, ವಾಲ್ವು ಹೊಸದು ಹಾಕಿದರು. ಮೋಟಾರು ಮುಟ್ಟಲೇ ಇಲ್ಲ.

ಸೋರಿದ್ದು ಯಾಕೆ? ಎರಡು ಕಾರಣ. ಒಂದು, ಸವಳು ನೀರು. ನಮ್ಮ ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ರಬ್ಬರಿನ ಅಂಚಿಗೆ ಬಿಳಿ ಹಕ್ಕಳೆಯಾಗಿ ಕೂತಿತ್ತು. ಇನ್ನೊಂದು, ಒತ್ತಡ. ಇಂಥ ಫ್ರಿಜ್ಜುಗಳಿಗೆ ಸಾಮಾನ್ಯವಾಗಿ 20 ಪಿ.ಎಸ್.ಐ. ಒತ್ತಡವಾದರೂ ಬೇಕು. ಲೆಕ್ಕ ಹಾಕಿ ನೋಡಿ: ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 14 ಪಿ.ಎಸ್.ಐ. ಸಿಗುತ್ತದೆ. 20 ಬೇಕಾದರೆ ಸುಮಾರು 14 ಮೀಟರ್. ಆ ಮನೆಯ ಮಾಳಿಗೆ ಟ್ಯಾಂಕು ಫ್ರಿಜ್ಜಿಗಿಂತ 4 ಮೀಟರ್ ಮಾತ್ರ ಮೇಲಿತ್ತು, ಅಂದರೆ 6 ಪಿ.ಎಸ್.ಐ. ಕೂಡ ಇಲ್ಲ. ಅದಕ್ಕೇ ಒತ್ತಡ ಹೆಚ್ಚಿಸುವ ಸಣ್ಣ ಪಂಪು, ಮುಂದೆ ಒಂದು ಫಿಲ್ಟರು ಹಾಕಿಸಲು ಮಾವ ಹೇಳಿದರು. ಇಲ್ಲದಿದ್ದರೆ ಹೊಸ ವಾಲ್ವೂ ಬೇಗ ಸೋರುತ್ತದೆ.

ಎಚ್ಚರಿಕೆ

1. ಮನೆಯ ಕರೆಂಟು 230 ವೋಲ್ಟು. ನೀರು, ಕರೆಂಟು ಎರಡೂ ಇರುವ ಜಾಗ ಇದು. ನಾವು ಮಕ್ಕಳು ನೋಡಬಹುದು, ಸದ್ದು ಕೇಳಬಹುದು, ಬಿಚ್ಚುವ ಕೆಲಸ ಮಾತ್ರ ತಿಳಿದವರದು.
2. ಬಿಚ್ಚುವ ಮೊದಲು ಪ್ಲಗ್ಗು ಕೀಳಬೇಕು, ನೀರು ಬಂದ್ ಮಾಡಬೇಕು.
3. ಹಕ್ಕಳೆ ಕಟ್ಟಿದ ಜಾಲರಿಯನ್ನು ನಿಂಬೆರಸ ಅಥವಾ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ತೊಳೆಯಬೇಕು. ಕಾಯಿಲ್‌ಗೆ ನೀರು ತಾಗಬಾರದು.
4. ಜಾಲರಿ ತೆಗೆದು ಬಿಸಾಕಿದರೆ ನೀರು ಜೋರಾಗಿ ಬರುತ್ತದೆ ನಿಜ. ಆದರೆ ಕಸ ರಬ್ಬರಿಗೆ ಸಿಕ್ಕಿ ವಾಲ್ವೇ ಹಾಳಾಗುತ್ತದೆ.

ಗೆಳೆಯರೇ, ಇನ್ನು ಮುಂದೆ ನಮ್ಮೂರ ಘಟಕ ನಿಂತರೆ "ಮಷೀನು ಕೆಟ್ಟೈತಿ" ಎಂದು ಸುಮ್ಮನೆ ವಾಪಸ್ ಬರಬೇಡಿ. ಟ್ಯಾಂಕಿನಲ್ಲಿ ನೀರಿತ್ತೇ, ಟಿಕ್ ಅಂತೇ, ಎಷ್ಟು ನೀರು ಬಂತು ಎಂಬುದನ್ನು ನೋಡಿ ಪಂಚಾಯಿತಿಯವರಿಗೆ ಹೇಳಿ. ರಿಪೇರಿಯವರ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಯೋಚಿಸಿ ಹೇಳಿ: ನಾಣ್ಯ ಹಾಕಿದಿರಿ, ಗುಂಯ್ ಅಂತು, ಟಿಕ್ ಅನ್ನಲಿಲ್ಲ. ಪಕ್ಕದ ಮನೆಯಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತಿದೆ. ಹಾಗಾದರೆ ವಾಲ್ವು ಕೆಟ್ಟಿದೆಯೇ? ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಗುರುಗಳಿಗೆ ಕೊಡಿ.