ಗೋಬರ್ ಗ್ಯಾಸ್ ಸೆನ್ಸರ್: ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಎಂಕ್ಯೂ-4 ಮೀಥೇನ್ ಸೆನ್ಸರ್ ಬಗ್ಗೆ ಗೆಳೆಯರು ಕೇಳ್ತಾ ಇರ್ತಾರೆ: "ಇದನ್ನ ಗೋಬರ್ ಗ್ಯಾಸ್ ಗುಂಡಿಗೆ ಇಳಿಬಿಟ್ಟು ನೋಡಿ, ಕೂಗದಿದ್ರೆ ಒಳಗೆ ಇಳಿಯಬಹುದಾ?" ನನ್ನ ಉತ್ತರ ಒಂದೇ: ಖಂಡಿತ ಬೇಡ. ಯಾಕೆ ಅಂತ ನೋಡೋಣ.

ಒಳಗೇನಿದೆ?

ಸೆನ್ಸರಿನ ಒಳಗಿರೋದು ತವರದ ಆಕ್ಸೈಡ್ ಎಂಬ ಅರೆವಾಹಕ. ಇದರ ಬ್ಯಾಂಡ್ ಗ್ಯಾಪ್ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನದು 1.1 ಮಾತ್ರ. ಅಂತರ ದೊಡ್ಡದಾದ್ದರಿಂದ, ಕೆಲವು ನೂರು ಡಿಗ್ರಿಗೆ ಕಾಯಿಸಿದರೂ ಬರೀ ಬಿಸಿಗೇ ಇದರಲ್ಲಿ ಕರೆಂಟ್ ಹರಿದುಬಿಡಲ್ಲ. ಅನಿಲದಿಂದಾಗುವ ಬದಲಾವಣೆ ಎದ್ದು ಕಾಣುತ್ತೆ.

ಕಾದ ಆಕ್ಸೈಡಿನ ಮೇಲೆ ಗಾಳಿಯ ಆಮ್ಲಜನಕ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತೆ. ಆಗ ವಿದ್ಯುತ್ ರೋಧ ಹೆಚ್ಚು. ಮೀಥೇನ್ ಬಂದರೆ ಆ ಆಮ್ಲಜನಕದ ಜೊತೆ ವರ್ತಿಸಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತೆ. ರೋಧ ಇಳಿಯುತ್ತೆ, ಬಜರ್ ಕೂಗುತ್ತೆ. ಜಪಾನಿನ ನಾವೊಯೋಶಿ ತಾಗುಚಿ ಇಂಥ ಸೆನ್ಸರಿಗೆ 1962ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು.

ಗುಂಡಿಯಲ್ಲಿ ಯಾಕೆ ಬೇಡ?

• ಈ ಲೆಕ್ಕವೆಲ್ಲ ನಿಂತಿರೋದು ಗಾಳಿಯ ಆಮ್ಲಜನಕದ ಮೇಲೆ. ಗುಂಡಿಯಲ್ಲಿ ಅದೇ ಕಡಿಮೆ ಇದ್ದರೆ ಸೆನ್ಸರ್ ತೋರಿಸುವ ಅಂಕಿಗೆ ಅರ್ಥವಿಲ್ಲ.
• ಆಮ್ಲಜನಕ ಎಷ್ಟಿದೆ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಎಂಕ್ಯೂ-4 ಹೇಳಲ್ಲ.
• ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಮರಗಟ್ಟುತ್ತೆ. "ವಾಸನೆ ಹೋಯ್ತು, ಇಳಿಯಬಹುದು" ಅನ್ನೋದು ಪ್ರಾಣಕ್ಕೇ ಕುತ್ತು.

ಎಲ್ಲಿ ಉಪಯೋಗ?

ಗಾಳಿಯಾಡುವ ಅಡುಗೆಮನೆಯಲ್ಲಿ, ಸೋರಿಕೆಯ ಮುನ್ಸೂಚನೆಗೆ. ಮೀಥೇನ್ ಗಾಳಿಗಿಂತ ಹಗುರ, ಆದ್ದರಿಂದ ಚಾವಣಿ ಹತ್ತಿರ, ಒಲೆಯ ಹಬೆ ನೇರ ಬಡಿಯದ ಕಡೆ ಕೂರಿಸಿ. ಹೊಸ ಸೆನ್ಸರನ್ನು ಮೊದಲು 24 ಗಂಟೆಗೂ ಹೆಚ್ಚು ಕರೆಂಟಿನಲ್ಲಿಟ್ಟು ಕಾಯಿಸಿ, ಆಮೇಲೆ ಶುದ್ಧ ಗಾಳಿಯಲ್ಲಿ ಬರುವ ಅಂಕಿ ಬರೆದಿಟ್ಟುಕೊಳ್ಳಿ. ಮಳೆಗಾಲದ ತೇವಕ್ಕೆ ಅಂಕಿ ಬದಲಾಗುತ್ತೆ. ಸ್ಪಿರಿಟ್, ಹೊಗೆಗೂ ಬಜರ್ ಕೂಗಬಹುದು. ಗಾಳಿಯಲ್ಲಿ ಮೀಥೇನ್ ಶೇ. 5 ಮುಟ್ಟಿದರೆ ಕಿಡಿ ಸಾಕು, ಸ್ಫೋಟವಾಗುತ್ತೆ. ಹಾಗಾಗಿ ಬಜರ್ ಕೂಗಿದರೆ ಸ್ವಿಚ್ ಮುಟ್ಟಬೇಡಿ. ಕಿಟಕಿ ಬಾಗಿಲು ತೆಗೆದು, ವಾಲ್ವ್ ಮುಚ್ಚಿ ಹೊರಗೆ ಬನ್ನಿ.

ಗುಂಡಿಯ ಸ್ಲರಿಯನ್ನು ಪಂಪಿನಿಂದ ಹೊರಗಿನಿಂದಲೇ ತೆಗೆಸಿ. ಇಳಿಯಲೇಬೇಕಾದರೆ ನಾಲ್ಕು ಅನಿಲ ಅಳೆಯುವ ಮೀಟರ್, ಬ್ಲೋವರ್, ಹಗ್ಗ, ಮೇಲೊಬ್ಬ ಕಾವಲುಗಾರ ಇರುವ ತರಬೇತಿ ಪಡೆದ ತಂಡವನ್ನೇ ಕರೆಸಿ. ಯಾರಾದರೂ ಒಳಗೆ ಬಿದ್ದರೆ ಕಾಪಾಡೋಕೆ ಹಿಂದೆಯೇ ಹಾರಬೇಡಿ. ಮೊದಲು 112ಕ್ಕೆ ಕರೆ ಮಾಡಿ. ಈ ಮಾತನ್ನ ಮನೆಯಲ್ಲಿ ಎಲ್ಲರಿಗೂ, ಕೆಲಸಕ್ಕೆ ಬರೋರಿಗೂ ಇವತ್ತೇ ಹೇಳಿಡಿ.