ಒಂದು ಕೋಣೆ ಮಾತ್ರ ತಣ್ಣಗಿದೆಯೇ? ರೇಡಿಯೇಟರ್‌ನ ಏರ್ ವೆಂಟ್ ಬದಲಿಸಿ ನೋಡಿ

ನ್ಯೂಯಾರ್ಕ್, ನ್ಯೂಜೆರ್ಸಿ, ಬಾಸ್ಟನ್, ಷಿಕಾಗೊ ಕಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಚಳಿಗಾಲ ಕಳೆಯುವುದು ಎರಕದ ಕಬ್ಬಿಣದ ಹಬೆ ರೇಡಿಯೇಟರ್‌ಗಳ ಆಸರೆಯಲ್ಲೇ. ಓದು, ಕೆಲಸಕ್ಕೆಂದು ಹೋಗಿ ಅಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರಿಗೆ ಇದು ಹೊಸ ಪರಿಚಯ. ಹಾಲ್‌ನಲ್ಲಿ ಕಿಟಕಿ ತೆರೆಯುವಷ್ಟು ಬಿಸಿ, ಮಲಗುವ ಕೋಣೆಯಲ್ಲಿ ಸ್ವೆಟರ್ ಬಿಚ್ಚುವಂತಿಲ್ಲ. ರೇಡಿಯೇಟರ್ ಮುಟ್ಟಿ ನೋಡಿದರೆ ಅರ್ಧ ಕಾದಿದೆ, ಇನ್ನರ್ಧ ಕೊರೆಯುತ್ತಿದೆ. ಬಾಯ್ಲರೇ ಕೆಟ್ಟಿತೆಂದು ಗಾಬರಿಯಾಗುವ ಮೊದಲು, ರೇಡಿಯೇಟರ್‌ನ ಬದಿಯಲ್ಲಿರುವ ಹೆಬ್ಬೆರಳು ಗಾತ್ರದ ಏರ್ ವೆಂಟ್ ಕಡೆ ಗಮನ ಕೊಡಿ.

ಬೇಸ್‌ಮೆಂಟ್‌ನ ಬಾಯ್ಲರ್‌ನಿಂದ ಹಬೆ ಮೇಲೇರಬೇಕಾದರೆ ಪೈಪಿನಲ್ಲೂ ರೇಡಿಯೇಟರ್‌ನಲ್ಲೂ ತುಂಬಿರುವ ಗಾಳಿ ಮೊದಲು ಜಾಗ ಬಿಡಬೇಕು. ಕುಕ್ಕರ್‌ನಲ್ಲಿ ಹಬೆ ಜೋರಾಗಿ ಬಂದ ಮೇಲೆ ವೆಯ್ಟ್ ಇಡುತ್ತೇವಲ್ಲ, ಅದೂ ಒಳಗಿನ ಗಾಳಿ ಹೊರಹೋಗಲೆಂದೇ. ಇಲ್ಲಿ ಆ ಕೆಲಸವನ್ನು ವೆಂಟ್ ತಾನಾಗಿಯೇ ಮಾಡುತ್ತದೆ. ತಣ್ಣಗಿರುವಾಗ ತೆರೆದಿದ್ದು ಗಾಳಿ ಬಿಡುತ್ತದೆ, ಬಿಸಿ ಹಬೆ ತಾಗಿದೊಡನೆ ಮುಚ್ಚಿಕೊಳ್ಳುತ್ತದೆ. ತುಕ್ಕು ಅಥವಾ ಮೇಲೆ ಬಳಿದ ಬಣ್ಣದಿಂದ ಅದು ಕಟ್ಟಿಕೊಂಡರೆ ಗಾಳಿ ಒಳಗೇ ಸಿಕ್ಕಿಬಿದ್ದು ರೇಡಿಯೇಟರ್ ಕಾಯುವುದಿಲ್ಲ. ಮುಚ್ಚದೆ ಉಳಿದರೆ ಹಬೆ ಕೋಣೆಗೆ ಸೋರುತ್ತದೆ. ಸೋರಿದಷ್ಟೂ ಬಾಯ್ಲರ್‌ಗೆ ಹೊಸ ನೀರು ಬೇಕು, ಹೊಸ ನೀರಿನೊಡನೆ ಬರುವ ಆಮ್ಲಜನಕ ಬಾಯ್ಲರ್‌ಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಸೋರುವ ವೆಂಟನ್ನು ಕಡೆಗಣಿಸಬೇಡಿ.

ನಿಮ್ಮ ಮನೆಯದು ಯಾವ ಬಗೆ?

ರೇಡಿಯೇಟರ್‌ಗೆ ಒಂದೇ ಪೈಪ್ ಇದ್ದು, ಅದರ ಎದುರು ತುದಿಯಲ್ಲಿ ಸುಮಾರು ಅರ್ಧ ಎತ್ತರದಲ್ಲಿ ವೆಂಟ್ ಇದ್ದರೆ ಈ ಲೇಖನ ನಿಮಗಾಗಿ. ಎರಡು ಪೈಪ್‌ಗಳ ಹಬೆ ರೇಡಿಯೇಟರ್‌ನಲ್ಲಿ ಸಾಮಾನ್ಯವಾಗಿ ವೆಂಟ್ ಬದಲು ಸ್ಟೀಮ್ ಟ್ರ್ಯಾಪ್ ಇರುತ್ತದೆ. ಅದರ ರಿಪೇರಿಯೇ ಬೇರೆ. ಬಿಸಿನೀರಿನ ರೇಡಿಯೇಟರ್‌ಗೂ ಈ ವೆಂಟ್ ಹೊಂದುವುದಿಲ್ಲ.

ಬಾಡಿಗೆ ಮನೆಯಾದರೆ ಮೊದಲು ಮಾಲೀಕರಿಗೆ ತಿಳಿಸಿ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಹಗಲು ಮನೆಯೊಳಗೆ ಕನಿಷ್ಠ 68 ಡಿಗ್ರಿ, ರಾತ್ರಿ ಹೊರಗೆ ಎಷ್ಟೇ ಇದ್ದರೂ ಕನಿಷ್ಠ 62 ಡಿಗ್ರಿ ಇರುವಂತೆ ನೋಡಿಕೊಳ್ಳುವುದು ಮಾಲೀಕರ ಕಾನೂನುಬದ್ಧ ಹೊಣೆ. ಅವರು ಕಿವಿಗೊಡದಿದ್ದರೆ 311ಕ್ಕೆ ದೂರು ಕೊಡಬಹುದು.

ಕೊಳ್ಳುವಾಗ ಎಡವುವುದು ಇಲ್ಲೇ

ವೆಂಟ್‌ಗಳಲ್ಲಿ ನಿಧಾನವಾಗಿ ಗಾಳಿ ಬಿಡುವವೂ ಇವೆ, ಬೇಗ ಬಿಡುವವೂ ಇವೆ. ಗಾರ್ಟನ್ ಕಂಪನಿಯದರಲ್ಲಿ 4ನೇ ನಂಬರು ಅತಿ ನಿಧಾನ. ಆಮೇಲೆ 5, 6, ಸಿ ಎಂದು ವೇಗ ಏರುತ್ತಾ ಡಿ ಎಲ್ಲಕ್ಕಿಂತ ವೇಗದ್ದು. ವೇಗದ್ದೇ ಒಳ್ಳೆಯದೆಂದು ಎಲ್ಲ ಕೋಣೆಗೂ ಅದನ್ನೇ ತರಬೇಡಿ. ಥರ್ಮೋಸ್ಟಾಟ್ ಇರುವ ಕೋಣೆ ಬೇಗ ಕಾದುಬಿಟ್ಟರೆ ಬಾಯ್ಲರ್ ಅಲ್ಲಿಗೇ ನಿಲ್ಲುತ್ತದೆ, ದೂರದ ಕೋಣೆಗೆ ಹಬೆ ತಲುಪುವುದೇ ಇಲ್ಲ. ಆದ್ದರಿಂದ ಥರ್ಮೋಸ್ಟಾಟ್ ಕೋಣೆಗೆ, ಅತಿಯಾಗಿ ಕಾಯುವ ಕೋಣೆಗೆ ನಿಧಾನದ್ದು. ದೂರದ, ತಣ್ಣನೆಯ ಕೋಣೆಗೆ ತುಸು ವೇಗದ್ದು. ಯಾವುದು ಬೇಕೆಂದು ತೋಚದಿದ್ದರೆ ವೇಗ ಹೊಂದಿಸಬಹುದಾದ ವೆಂಟ್ ಸಿಗುತ್ತದೆ, ಅದು ಸುಲಭ. ರೇಡಿಯೇಟರ್ ವೆಂಟ್‌ಗಳ ಥ್ರೆಡ್ ಸಾಮಾನ್ಯವಾಗಿ 1/8 ಇಂಚಿನದು. ಹಳೆಯದನ್ನು ವಿನೆಗರ್‌ನಲ್ಲಿ ಕುದಿಸಿ ಮತ್ತೆ ಹಾಕುವವರಿದ್ದಾರೆ. ಕೆಲವೊಮ್ಮೆ ಅದು ಫಲ ಕೊಟ್ಟರೂ ಹೊಸದನ್ನು ಹಾಕುವುದೇ ಜಾಣತನ.

ಬದಲಿಸುವ ಬಗೆ

ಥರ್ಮೋಸ್ಟಾಟ್ ಆಫ್ ಮಾಡಿ, ಬಾಯ್ಲರ್ ಬಳಿಯ ಸ್ವಿಚ್ಚನ್ನೂ ಆರಿಸಿ, ರೇಡಿಯೇಟರ್ ಪೂರ್ತಿ ತಣಿಯುವವರೆಗೆ ಕಾಯಿರಿ. ರೇಡಿಯೇಟರ್‌ನ ವಾಲ್ವ್ ಮುಚ್ಚಿದ್ದೇನೆಂಬ ಧೈರ್ಯದಲ್ಲಿ ಕೈ ಹಾಕಬೇಡಿ, ಹಳೆಯ ವಾಲ್ವ್‌ಗಳು ಒಳಗೇ ಸೋರುತ್ತಿರುತ್ತವೆ. ಹಬೆಯ ಸುಟ್ಟ ಗಾಯ ಬಿಸಿನೀರಿನದಕ್ಕಿಂತ ಕೆಟ್ಟದ್ದು.

ಹಳೆಯ ವೆಂಟನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಬಿಚ್ಚಿ. ಕೈಗೆ ಬಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಬುಡಕ್ಕೇ ಸ್ಪ್ಯಾನರ್ ಕೊಟ್ಟು ನಿಧಾನವಾಗಿ ತಿರುಗಿಸಿ. ಮೇಲಿನ ಗುಂಡನ್ನು ಹಿಡಿದು ಬಲ ಹಾಕಿದರೆ ತುದಿ ಮುರಿದು ರಂಧ್ರದೊಳಗೇ ಉಳಿಯುವ ಅಪಾಯವಿದೆ. ಹಾಗಾದರೆ ಪ್ಲಂಬರ್‌ಗೆ ಹೇಳಿ. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ರೇಡಿಯೇಟರ್‌ನ ಬಣ್ಣ ಕೆರೆಯಬೇಡಿ.

ಹೊಸ ವೆಂಟ್‌ನ ಥ್ರೆಡ್‌ಗೆ ಟೆಫ್ಲಾನ್ ಟೇಪನ್ನು ಪ್ರದಕ್ಷಿಣವಾಗಿ ಎರಡು ಮೂರು ಸುತ್ತು ಸುತ್ತಿ. ತುದಿಯ ರಂಧ್ರಕ್ಕೆ ಟೇಪ್ ಅಡ್ಡ ಬರಬಾರದು. ಮೊದಲು ಕೈಯಿಂದ ಬಿಗಿಮಾಡಿ, ಆಮೇಲೆ ಸ್ಪ್ಯಾನರ್‌ನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ವೆಂಟ್ ನೆಟ್ಟಗೆ ನಿಲ್ಲುವಂತೆ ಮಾಡಿ. ನೇರ ಮಾಡಲೆಂದು ಹಿಂದಕ್ಕೆ ತಿರುಗಿಸಿದರೆ ಸೋರುತ್ತದೆ, ಮುಂದಕ್ಕೇ ತಿರುಗಿಸಿ. ಓರೆಯಾಗಿ ನಿಂತರೆ ಒಳಗಿನ ನೀರು ಇಳಿಯದೆ ವೆಂಟ್ ನೀರುಗುಳುತ್ತದೆ.

ಈಗ ಬಾಯ್ಲರ್ ಚಾಲೂ ಮಾಡಿ ಪಕ್ಕದಲ್ಲಿ ನಿಂತು ಕೇಳಿ. ಗಾಳಿ ಸಣ್ಣಗೆ ಬುಸುಗುಟ್ಟುತ್ತದೆ, ರೇಡಿಯೇಟರ್ ಕಾದಂತೆ ಸದ್ದು ನಿಲ್ಲುತ್ತದೆ. ನಿಲ್ಲದೆ ಹಬೆ ಬಂದರೆ ಅಥವಾ ನೀರು ಚಿಮ್ಮಿದರೆ ರಸಮಟ್ಟ ಇಟ್ಟು ನೋಡಿ: ರೇಡಿಯೇಟರ್ ಪೈಪಿನ ಕಡೆಗೆ ಕೊಂಚ ಇಳಿಜಾರಾಗಿರಬೇಕು. ಇಲ್ಲದಿದ್ದರೆ ವೆಂಟ್ ಬದಿಯ ಕಾಲಿನಡಿ ಸಣ್ಣ ಮರದ ಚಕ್ಕೆ ಕೊಡಿ. ಒಂದು ಪೈಪಿನ ರೇಡಿಯೇಟರ್‌ನಲ್ಲಿ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ಹಬೆಯೂ ಹಿಂದಿರುಗುವ ನೀರೂ ಡಿಕ್ಕಿ ಹೊಡೆದು ಪೈಪಿನಲ್ಲಿ ಸುತ್ತಿಗೆ ಬಡಿದಂತೆ ಸದ್ದಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಬಾಯ್ಲರ್‌ನ ಒತ್ತಡ ಹೆಚ್ಚಿರಬಹುದು, ಮನೆಯ ಹಬೆ ವ್ಯವಸ್ಥೆಗೆ 2 ಪಿಎಸ್‌ಐಗಿಂತ ಕಡಿಮೆಯೇ ಸಾಕು. ಬೇಸ್‌ಮೆಂಟ್‌ನ ಮುಖ್ಯ ಪೈಪಿನ ಕೊನೆಯಲ್ಲಿರುವ ದೊಡ್ಡ ವೆಂಟ್ ಕೆಟ್ಟಿದ್ದರೂ ಇಡೀ ಮನೆ ಬಿಸಿಯಾಗಲು ತಡವಾಗುತ್ತದೆ. ಇವೆರಡನ್ನೂ ಹಬೆ ಬಾಯ್ಲರ್ ಕೆಲಸ ಬಲ್ಲ ಪ್ಲಂಬರ್‌ಗೆ ಬಿಡಿ. ಉಳಿದ ಕೋಣೆಗಳ ವೆಂಟ್‌ಗಳನ್ನು ಒಂದೇ ದಿನ ಬದಲಿಸಬೇಡಿ. ಒಂದನ್ನು ಹಾಕಿ, ಕೆಲವು ದಿನ ಮನೆಯ ಬಿಸಿ ಗಮನಿಸಿ, ಆಮೇಲೆ ಮುಂದಿನದಕ್ಕೆ ಹೋಗಿ.